ರಣಹದ್ದುಗಳು ಎಲ್ಲಿಗೆ ಹೋದವು?

ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಬಾದಾಮಿಯ ಮೇಣಬಸದಿಗಳನ್ನು ಕೊರೆದ ಮರಳುಗಲ್ಲು ಕೂಡ ಭೂಮಿಯ ಮೇಲೆ ಎಲುಬುಳ್ಳ ಪ್ರಾಣಿಗಳು ಹುಟ್ಟುವ ಮೊದಲೇ ಗಟ್ಟಿಯಾಗಿತ್ತು. ಆದ್ದರಿಂದ ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ಅಲ್ಲಿ ಡೈನೋಸಾರ್ ಎಲುಬು ಹುಡುಕಿದರೆ ಸಿಗದು. ಪ್ರಾಣಿಗಳು ಬಂದದ್ದು, ಐದು ಸಲ ಭಾರಿ ಪ್ರಮಾಣದಲ್ಲಿ ಅಳಿದದ್ದು ಎಲ್ಲವೂ ಆಮೇಲಿನ ಕಥೆ.

ಐದರಲ್ಲಿ ಅತಿ ಭೀಕರವಾದದ್ದು 25 ಕೋಟಿ ವರ್ಷಗಳ ಹಿಂದಿನದು. ಆಗ ಕಡಲಿನ ಜೀವಿಪ್ರಭೇದಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಇಲ್ಲವಾದವು. ಕೊನೆಯದು 6.6 ಕೋಟಿ ವರ್ಷಗಳ ಹಿಂದೆ, ಮೆಕ್ಸಿಕೋದಲ್ಲಿ ಕ್ಷುದ್ರಗ್ರಹ ಬಡಿದಾಗ. ಡೈನೋಸಾರ್‌ಗಳು ಅಳಿದದ್ದು ಆಗಲೇ. ಅದೇ ಕಾಲದ ಆಸುಪಾಸಿನಲ್ಲಿ ದಖನ್ನಿನಲ್ಲಿ ಉಕ್ಕಿದ ಲಾವಾ ಆರಿ ಆದ ಕರಿಕಲ್ಲನ್ನು ಕೃಷ್ಣೆಯ ಆಚೆ ವಿಜಯಪುರದ ಕಡೆ ಇಂದಿಗೂ ನೋಡಬಹುದು. ಈ ಐದರಲ್ಲೂ ಮನುಷ್ಯನ ಕೈವಾಡವಿರಲಿಲ್ಲ; ಅವನಿನ್ನೂ ಹುಟ್ಟಿರಲಿಲ್ಲ.

ಈಗಿನ ಅಳಿವಿನಲ್ಲಿ ನಮ್ಮ ಪಾಲಿದೆ. ಅದಕ್ಕೊಂದು ಉದಾಹರಣೆ ರಣಹದ್ದು. ಹುನಗುಂದದ ಕಡೆಯ ಹಿರಿಯರನ್ನು ಕೇಳಿ ನೋಡಿ. ಹಿಂದೆ ಊರ ಹೊರಗೆ ಸತ್ತ ಎತ್ತನ್ನು ಹಾಕಿದರೆ ಹದ್ದುಗಳ ಹಿಂಡು ಇಳಿದು ಎಲುಬು ಮಾತ್ರ ಉಳಿಸುತ್ತಿತ್ತು. 1992ರಿಂದ 2007ರೊಳಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳು ಸಾವಿರಕ್ಕೆ ಒಂದರಂತೆ ಉಳಿದವು. 2004ರಲ್ಲಿ ಕಾರಣ ತಿಳಿಯಿತು. ಅದು ದನಗಳ ನೋವು, ಬಾವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ. ಅದನ್ನು ಪಡೆದ ದನ ಒಂದೆರಡು ದಿನದಲ್ಲೇ ಸತ್ತರೆ ಮಾಂಸದಲ್ಲಿ ಔಷಧ ಉಳಿದಿರುತ್ತದೆ. ಆ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಒಡಲೊಳಗೆ ಹರಳುಗಟ್ಟುತ್ತದೆ, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆಯಲ್ಲಿ ಔಷಧವಿದ್ದರೂ ಇಷ್ಟು ನಾಶಕ್ಕೆ ಸಾಕೆಂದು ವಿಜ್ಞಾನಿಗಳ ಲೆಕ್ಕ ತೋರಿಸಿತು. ಒಂದೇ ಕಳೇಬರಕ್ಕೆ ಹತ್ತಾರು ಹದ್ದುಗಳು ಎರಗುತ್ತವೆ; ಹೆಣ್ಣು ಹದ್ದು ವರ್ಷಕ್ಕೆ ಇಡುವುದು ಮಾತ್ರ ಒಂದೇ ಮೊಟ್ಟೆ.

ಕಾರಣ ತಿಳಿದದ್ದರಿಂದ ಪರಿಹಾರವೂ ಸಾಧ್ಯವಾಯಿತು. ಸರ್ಕಾರ 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳಿಗೂ ಇದೇ ನಿಷೇಧ ಬಂತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು.

ಆದರೆ ಮನುಷ್ಯರಿಗೆಂದು ಮಾರುವ ಡೈಕ್ಲೋಫೆನಾಕ್ ಅಂಗಡಿಯಲ್ಲಿ ಇದ್ದೇ ಇದೆ. ಪಾಲಕರೇ, ಎತ್ತು ಕುಂಟಿದರೆ ಅದನ್ನು ಚುಚ್ಚಿಸಬೇಡಿ. ಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್ ಕೊಡಬಹುದೇ ಎಂದು ಪಶುವೈದ್ಯರನ್ನು ಕೇಳಿ. ವಿದ್ಯಾರ್ಥಿಗಳೇ, ಔಷಧದ ಚೀಟಿ ಓದಬಲ್ಲವರು ಎಷ್ಟೋ ಮನೆಗಳಲ್ಲಿ ನೀವೇ. ಈ ಹೆಸರುಗಳನ್ನು ನೆನಪಿಡಿ, ಓದಿ ಹೇಳಿ.