‘ಎರಡೇ’ ಎಂಬ ಮಾತು

ಕನ್ನಡ ವ್ಯಾಕರಣದಲ್ಲಿ ‘ಏ’ ಎಂಬುದು ಅವಧಾರಣೆಯನ್ನು ಸೂಚಿಸುವ ಅವ್ಯಯ. ‘ಅವನೇ ಬಂದನು’ ಎಂದರೆ ಮತ್ತಾರೂ ಬರಲಿಲ್ಲ, ಬಂದವನು ಅವನು ಎಂದು ಅರ್ಥ. ನಿಶ್ಚಯವನ್ನು ತಿಳಿಸುವುದಕ್ಕೆಂದು ಹುಟ್ಟಿದ ಈ ಸಣ್ಣ ಸ್ವರವು ಸಂಖ್ಯೆಯೊಂದರ ಬೆನ್ನಿಗೆ ಹತ್ತಿದೊಡನೆ ತನ್ನ ಗುಣವನ್ನು ಬದಲಿಸಿಕೊಳ್ಳುತ್ತದೆ. ‘ಎರಡು ಟೆಸ್ಟ್ ಆಡಿದರು’ ಎಂಬುದು ವರದಿ. ‘ಎರಡೇ ಟೆಸ್ಟ್ ಆಡಿದರು’ ಎಂದಾಗ ಅದು ತೀರ್ಪು. ನಮ್ಮ ಜಿಲ್ಲೆಯ ಅರಸೀಕೆರೆಯಲ್ಲಿ 1971ರಲ್ಲಿ ಹುಟ್ಟಿ, ಭಾರತದ ಪರವಾಗಿ ವೇಗದ ಬೌಲಿಂಗ್ ಮಾಡಿ, 2024ರ ಜೂನ್ 20ರಂದು ಬೆಂಗಳೂರಿನಲ್ಲಿ ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡ ಡೇವಿಡ್ ಜಾನ್ಸನ್ ಅವರ ವಿಷಯದಲ್ಲಿ ನಾನು ಹೆಚ್ಚಾಗಿ ಕೇಳಿರುವುದು ಈ ‘ಎರಡೇ’ ಎಂಬ ಮಾತನ್ನು. ಅವರು ತೀರಿಕೊಂಡ ವಾರದಲ್ಲಿ ನಮ್ಮ ಉಪನ್ಯಾಸಕರ ಕೊಠಡಿಯಲ್ಲಿಯೂ ಅದೇ ಮಾತು ಬಂತು. “ಪಾಪ, ಎರಡೇ ಮ್ಯಾಚು” ಎಂದು ಒಬ್ಬರು ಹೇಳಿದರು, ಉಳಿದವರು ತಲೆದೂಗಿದರು, ಗಂಟೆ ಹೊಡೆಯಿತು, ಎಲ್ಲರೂ ತರಗತಿಗಳಿಗೆ ಹೋದೆವು.

ಕನ್ನಡದ ಮೇಷ್ಟರಿಗೆ ಕ್ರಿಕೆಟ್ಟಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಆಟದ ಸೂಕ್ಷ್ಮಗಳನ್ನು ನಾನು ಬಲ್ಲವನಲ್ಲ. ನನ್ನ ತಕರಾರು ಆ ‘ಏ’ಕಾರದ ಮೇಲೆ. ಒಬ್ಬ ಮನುಷ್ಯನು ತನ್ನ ತಾರುಣ್ಯದ ಹತ್ತು ವರ್ಷಗಳನ್ನು ಒಂದು ಕಸುಬಿಗೆ ಒಪ್ಪಿಸಿದ್ದಾನೆ. ಆ ಹತ್ತು ವರ್ಷಗಳನ್ನು ಒಂದು ಅಕ್ಷರ ನುಂಗಿಬಿಡುವುದಾದರೆ ಭಾಷೆಯ ಅಧ್ಯಾಪಕನಾದವನು ಒಂದು ಮಾತು ಆಡಬೇಡವೆ?

ಲೆಕ್ಕವನ್ನು ಸರಿಯಾಗಿ ಬರೆಯೋಣ. ಜಾನ್ಸನ್ ಅವರು 1990ರ ದಶಕದಲ್ಲಿ ಕರ್ನಾಟಕದ ಪರವಾಗಿ ಆಡಿದವರು. ಆ ದಶಕದ ರಣಜಿ ಪಂದ್ಯಾವಳಿಯನ್ನು ಕರ್ನಾಟಕವು 1995–96, 1997–98 ಮತ್ತು 1998–99ರಲ್ಲಿ, ಅಂದರೆ ನಾಲ್ಕು ಋತುಗಳಲ್ಲಿ ಮೂರು ಬಾರಿ ಗೆದ್ದಿತು. ಅಂಥ ತಂಡದಲ್ಲಿ ಜಾಗ ಪಡೆಯುವುದು, ಪಡೆದ ಜಾಗವನ್ನು ಉಳಿಸಿಕೊಳ್ಳುವುದು ಸಾಮಾನ್ಯದ ಮಾತಲ್ಲ. ಒಟ್ಟು 39 ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರು 125 ವಿಕೆಟ್ಟುಗಳನ್ನು ಪಡೆದರು. ಬ್ಯಾಟು ಹಿಡಿದು ಒಂದು ಶತಕವನ್ನೂ ಹೊಡೆದರು. 1995–96ರಲ್ಲಿ ಕೇರಳದ ಎದುರು ಒಂದೇ ಪಂದ್ಯದಲ್ಲಿ 152 ರನ್ನುಗಳಿಗೆ 10 ವಿಕೆಟ್ಟು ಉರುಳಿಸಿದ್ದು ಅವರನ್ನು ಆಯ್ಕೆಗಾರರ ಕಣ್ಣಿಗೆ ಬೀಳಿಸಿತು. 1996ರ ಅಕ್ಟೋಬರಿನಲ್ಲಿ ದೆಹಲಿಯ ಫಿರೋಜ್ ಶಾ ಕೋಟ್ಲಾ ಮೈದಾನದಲ್ಲಿ ಆಸ್ಟ್ರೇಲಿಯಾದ ಎದುರು ಮೊದಲ ಟೆಸ್ಟ್. ಭಾರತದ ಆ ಹನ್ನೊಂದು ಜನರಲ್ಲಿ ಐವರು ಕರ್ನಾಟಕದವರು: ಕುಂಬ್ಳೆ, ದ್ರಾವಿಡ್, ವೆಂಕಟೇಶ ಪ್ರಸಾದ್, ಸುನಿಲ್ ಜೋಶಿ, ಜಾನ್ಸನ್. ಮೈಕೆಲ್ ಸ್ಲೇಟರ್ ಹೊಡೆದ ಚೆಂಡನ್ನು ಸ್ಲಿಪ್ಪಿನಲ್ಲಿ ಅಜರುದ್ದೀನ್ ಅದ್ಭುತವಾಗಿ ಹಿಡಿದರು. ಅದು ಜಾನ್ಸನ್ ಅವರ ಮೊದಲ ಟೆಸ್ಟ್ ವಿಕೆಟ್ಟು. ಅಲ್ಲಿ ಅವರ ಒಂದು ಎಸೆತ ಗಂಟೆಗೆ 157.8 ಕಿಲೋಮೀಟರ್ ವೇಗದಲ್ಲಿತ್ತೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಅಳತೆಯ ಕರಾರುವಾಕ್ಕನ್ನು ಬಲ್ಲವರು ಹೇಳಲಿ. ಭಾರತ ಏಳು ವಿಕೆಟ್ಟುಗಳಿಂದ ಗೆದ್ದಿತು.

ಎರಡನೆಯದು ಅದೇ ವರ್ಷದ ಡಿಸೆಂಬರಿನಲ್ಲಿ, ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ. ಹರ್ಷಲ್ ಗಿಬ್ಸ್, ಬ್ರಯನ್ ಮೆಕ್‌ಮಿಲನ್ ಎಂಬಿಬ್ಬರನ್ನು ಅವರು ಔಟು ಮಾಡಿದರು. ಭಾರತ ತನ್ನ ಎರಡು ಸರದಿಗಳಲ್ಲಿ 100 ಮತ್ತು 66 ರನ್ನಿಗೆ ಕುಸಿದು 328 ರನ್ನುಗಳಿಂದ ಸೋತಿತು. ಸೋಲಿನ ಹೊಣೆ ಬ್ಯಾಟು ಹಿಡಿದವರದು. ಆದರೂ ಜಾನ್ಸನ್ ಅವರಿಗೆ ಮೂರನೆಯ ಟೆಸ್ಟ್ ಬರಲೇ ಇಲ್ಲ. ಆಗ ಅವರಿಗೆ ಇಪ್ಪತ್ತೈದು ವರ್ಷ. ನಮ್ಮಲ್ಲಿ ಇಪ್ಪತ್ತೈದಕ್ಕೆ ಎಂ.ಎ. ಮುಗಿಸಿದವನು ಮೊದಲ ನೌಕರಿಗೆ ಅರ್ಜಿ ಹಾಕುತ್ತಿರುತ್ತಾನೆ. ಆಟಗಾರನ ಬಾಳಿನಲ್ಲಿ ಅದೇ ವಯಸ್ಸಿಗೆ ಶಿಖರವೂ ಇಳಿಜಾರೂ ಒಟ್ಟಿಗೆ ಬಂದುಬಿಡಬಹುದು.

ದೆಹಲಿಯಲ್ಲಿ ಅವರಿಗೆ ಅವಕಾಶ ದೊರೆತ ಬಗೆಯನ್ನೂ ಇಲ್ಲಿ ಹೇಳಬೇಕು. ಜಾವಗಲ್ ಶ್ರೀನಾಥ್ ಗಾಯಗೊಂಡಿದ್ದರು. ಆ ತೆರವಿಗೆ ಜಾನ್ಸನ್ ಬಂದರು. ಶ್ರೀನಾಥ್ ಹುಟ್ಟಿ ಬೆಳೆದದ್ದು ಮೈಸೂರಿನಲ್ಲಾದರೂ ಅವರ ಹೆಸರಿನ ಮುಂದೆ ನಿಂತಿರುವ ಜಾವಗಲ್ಲು ಅರಸೀಕೆರೆ ತಾಲ್ಲೂಕಿನದೇ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿರುವ ಊರು. ಒಂದು ತಾಲ್ಲೂಕಿನ ಇಬ್ಬರಲ್ಲಿ ಒಬ್ಬರ ನೋವು ಮತ್ತೊಬ್ಬರಿಗೆ ಬಾಗಿಲಾಯಿತು. ಡರ್ಬನ್ನಿನಲ್ಲಿ ಇಬ್ಬರೂ ಒಟ್ಟಿಗೆ ಬೌಲಿಂಗ್ ಮಾಡಿದರು. ಶ್ರೀನಾಥ್ 67 ಟೆಸ್ಟ್ ಆಡಿ 236 ವಿಕೆಟ್ಟುಗಳನ್ನೂ, ಒಂದು ದಿನದ ಪಂದ್ಯಗಳಲ್ಲಿ 315 ವಿಕೆಟ್ಟುಗಳನ್ನೂ ಪಡೆದು 2003ರಲ್ಲಿ ನಿವೃತ್ತರಾದರು. ಆ ದೀರ್ಘ ದಾರಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್ ಆಡಿದವರು ತಾಯ್ನಾಡಿನ ನೆಲದಲ್ಲಿ ಟೆಸ್ಟ್ ಆಡಲು 1994ರ ನವೆಂಬರಿನವರೆಗೆ ಕಾಯಬೇಕಾಯಿತು; 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. ಆದರೆ ಅವರ ಕೈಯಲ್ಲಿ ಎಂಜಿನಿಯರಿಂಗ್ ಪದವಿಯಿತ್ತು. ನಿವೃತ್ತಿಯ ಬಳಿಕ 2006ರಿಂದ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾದರು. ಇಂಥವರ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಆಟವನ್ನು ಕಸುಬಾಗಿ ಹಿಡಿಯುವ ನೂರು ಮಂದಿಯಲ್ಲಿ ತೊಂಬತ್ತೊಂಬತ್ತು ಮಂದಿಯ ಬಾಳು ಜಾನ್ಸನ್ ಅವರದಕ್ಕೆ ಹತ್ತಿರವಾಗಿರುತ್ತದೆ, ಅಥವಾ ಅಷ್ಟಕ್ಕೂ ಏರುವುದಿಲ್ಲ. ಹುಡುಗನೊಬ್ಬ ತಿಳಿಯಬೇಕಾದ ಕಥೆ ಅದು.

ಆಸ್ಟ್ರೇಲಿಯಾದ ಹೆಸರು ಬಂದದ್ದರಿಂದ ಅಲ್ಲಿನ ಇನ್ನೊಂದು ಆಟವನ್ನು ನೆನೆಯುತ್ತೇನೆ. ಅವರದೇ ಆದ ಫುಟ್‌ಬಾಲ್ ಒಂದುಂಟು. ತಂಡಕ್ಕೆ ಹದಿನೆಂಟು ಜನ, ಮೊಟ್ಟೆಯಾಕಾರದ ಚೆಂಡು, ಆಡುವುದು ಕ್ರಿಕೆಟ್ಟಿನ ಮೈದಾನದಲ್ಲಿಯೇ. 1858ರಲ್ಲಿ ಮೆಲ್ಬರ್ನಿನ ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರನು, ಚಳಿಗಾಲದಲ್ಲಿ ಕ್ರಿಕೆಟ್ಟಿಗರ ಮೈ ಜಡವಾಗದಿರಲು ಒಂದು ಫುಟ್‌ಬಾಲ್ ಸಂಘ ಬೇಕೆಂದು ಪತ್ರಿಕೆಗೆ ಕಾಗದ ಬರೆದನಂತೆ. ಅಲ್ಲಿಂದ ಬೆಳೆದ ಆಟ. ಇಂದು ಅದು ದೊಡ್ಡ ವೃತ್ತಿ. 1986ರಿಂದ ಅಲ್ಲಿ ಹೊಸ ಹುಡುಗರನ್ನು ಸರದಿಯ ಪ್ರಕಾರ ಆರಿಸುವ ಪದ್ಧತಿಯಿದೆ. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ. ಹದಿನೆಂಟು ವರ್ಷದ ಹುಡುಗನ ಮೊದಲ ಒಪ್ಪಂದ ಎರಡು ಮೂರು ವರ್ಷದ್ದು. ಮೊಣಕಾಲು ಕೈಕೊಟ್ಟರೆ ಪಟ್ಟಿಯಿಂದ ಹೆಸರು ತೆಗೆದುಬಿಡುತ್ತಾರೆ. ಕ್ರೌರ್ಯದಲ್ಲಿ ನಮಗಿಂತ ಅವರು ಕಡಿಮೆಯೇನಲ್ಲ. ಆದರೆ ಅಲ್ಲಿಯ ಆಟಗಾರರು 1973ರಲ್ಲಿಯೇ ತಮ್ಮದೊಂದು ಸಂಘ ಕಟ್ಟಿಕೊಂಡರು. ಆಡುತ್ತಿರುವಾಗಲೇ ಓದು, ಕಸುಬು ಕಲಿಯಲು ನೆರವು, ಆಟ ಬಿಟ್ಟವರ ಗಾಯಗಳ ಚಿಕಿತ್ಸೆಗೆ ನಿಧಿ ಎಂದು ಆ ಸಂಘ ಏರ್ಪಾಡು ಮಾಡಿದೆ. ಆಟ ಮುಗಿದ ಮೇಲೂ ಆಟಗಾರ ಬದುಕಿರುತ್ತಾನೆ ಎಂಬುದನ್ನು ಒಪ್ಪಂದದ ಕಾಗದದಲ್ಲಿಯೇ ಅವರು ನೆನಪಿಟ್ಟುಕೊಂಡಿದ್ದಾರೆ.

ನಮ್ಮಲ್ಲಿ ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹಳೆಯ ಟೆಸ್ಟ್ ಆಟಗಾರರಿಗೂ ಪ್ರಥಮ ದರ್ಜೆಯ ಆಟಗಾರರಿಗೂ ಕ್ರಿಕೆಟ್ ಮಂಡಳಿ ಮಾಸಾಶನ ಕೊಡುತ್ತಿದೆ. 2022ರಲ್ಲಿ ಅದನ್ನು ಹೆಚ್ಚಿಸಿತು. 2019ರಲ್ಲಿ ನಿವೃತ್ತ ಆಟಗಾರರ ಸಂಘವೂ ಹುಟ್ಟಿತು. ಆದರೆ ಆಡುತ್ತಿರುವವನಿಗೆ ಸಂಘವಿಲ್ಲ, ಕಬಡ್ಡಿಯವನಿಗೆ ಹಾಕಿಯವನಿಗೆ ಕ್ರಿಕೆಟ್ಟಿನ ಖಜಾನೆಯಿಲ್ಲ. 2008ರಲ್ಲಿ ಹರಾಜಿನ ಕ್ರಿಕೆಟ್ ಬಂದ ಮೇಲೆ ಕೆಲವರಿಗೆ ಕೋಟಿಗಳು ದೊರೆತಿವೆ. ಆ ಕೋಟಿಗಳ ಸದ್ದಿನಲ್ಲಿ ಹರಾಜಿನಲ್ಲಿ ಯಾರೂ ಕೂಗದೆ ಉಳಿದ ಹೆಸರುಗಳು ಕೇಳಿಸುವುದಿಲ್ಲ. ಜಾನ್ಸನ್ ಅವರ ಕಾಲದಲ್ಲಿ ಹರಾಜೂ ಇರಲಿಲ್ಲ.

ಹೋದ ವರ್ಷ ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಬೆಳೆಗಾರರೊಬ್ಬರು ಕಾಲೇಜಿಗೆ ಬಂದಿದ್ದರು. ಮಗ ನಮ್ಮ ಎರಡನೆಯ ಬಿ.ಎ. ತರಗತಿಯಲ್ಲಿದ್ದಾನೆ; ಎತ್ತರದ ಆಳು, ವೇಗವಾಗಿ ಚೆಂಡು ಎಸೆಯುತ್ತಾನೆಂದು ಪಕ್ಕದ ಹೊಳೆನರಸೀಪುರದವರೆಗೆ ಹೆಸರು. ಹಾಜರಿ ಮಾತ್ರ ಕಡಿಮೆ. “ಸಾರ್, ನಾನೇನೂ ಬ್ಯಾಡ ಅನ್ನಾಕಿಲ್ಲ. ಆಡ್ಲಿ. ಮೂವತ್ತು ವರ್ಸ ಆದ್ಮೇಲೆ ಏನ್ ಮಾಡ್ತಾನೆ ಅದೊಂದ್ ಹೇಳ್ಬುಡಿ” ಎಂದರು. ಬೆಳೆಗಾರನ ಪ್ರಶ್ನೆ, ಈ ವರ್ಷದ ಸೊಪ್ಪನ್ನು ಬ್ಯಾರನ್ನಿಗೆ ಏರಿಸುವಾಗಲೇ ಮುಂದಿನ ವರ್ಷದ ಸೌದೆಯ ಚಿಂತೆ ಮಾಡಿದವನಿಗೆ ಮಾತ್ರ ಹೊಳೆಯುವ ಪ್ರಶ್ನೆ. ಓದನ್ನು ಬಿಡಿಸಬೇಡಿ, ಆಟವನ್ನೂ ಬಿಡಿಸಬೇಡಿ ಎಂದೆ. “ಎರಡೂ ಆಯ್ತದಾ ಸಾರ್?” ಎಂದರು. ಆಗುವಂತೆ ಮಾಡಬೇಕಾದವರಲ್ಲಿ ಕಾಲೇಜೂ ಒಂದು. ಬೆಳಗಿನ ಅಭ್ಯಾಸ ಮುಗಿಸಿ ಬರುವವನಿಗೆ ಮೊದಲ ಗಂಟೆಯ ಹಾಜರಿಯನ್ನು ಹೇಗೆ ಹಿಡಿಯಬೇಕು, ಪಂದ್ಯದ ದಿನ ಪರೀಕ್ಷೆ ಬಿದ್ದರೆ ಇನ್ನೊಮ್ಮೆ ಬರೆಸಬಹುದೆ ಎಂಬ ಚಿಕ್ಕ ಚಿಕ್ಕ ನಿಯಮಗಳಲ್ಲಿ ಆ ಹುಡುಗನ ಮೂವತ್ತರ ಆಚೆಯ ಬಾಳು ಅಡಗಿದೆ. ಗೆದ್ದು ಬಂದವನಿಗೆ ಹಾರ ಹಾಕಿಸುವ ನಾವು ಆಡಲು ಹೋದವನಿಗೆ ಗೈರುಹಾಜರಿ ಹಾಕುತ್ತೇವೆ.

ಸಾಲದ ಈ ಲೆಕ್ಕ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲಿ ಪ್ರಸಿದ್ಧವಾದದ್ದು ಬೇಲೂರು ತಾಲ್ಲೂಕಿನ ಹಲ್ಮಿಡಿಯದು, ಸುಮಾರು ಕ್ರಿ.ಶ. 450ರದು ಎನ್ನುತ್ತಾರೆ. ಪ್ರತಿ ವರ್ಷ ಅದನ್ನು ತರಗತಿಯಲ್ಲಿ ಓದಿಸುತ್ತೇನೆ. ಲಿಪಿ, ಸಂಸ್ಕೃತ ಪದಗಳು, ವಿಭಕ್ತಿ ಎಂದು ಅರ್ಧ ಗಂಟೆ ಕಳೆದುಹೋಗುತ್ತದೆ. ಅದು ಹೇಳುವುದೇನು? ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ‘ಬಾಳ್ಗಳ್ಚು’ ಎಂದು ಎರಡು ಊರುಗಳನ್ನು ಕೊಟ್ಟರು ಎಂದು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು: ಕತ್ತಿ ತೊಳೆದ ಕೊಡುಗೆ. ಕತ್ತಿಯನ್ನು ತೊಳೆದಿಟ್ಟ ಮೇಲೆ ವೀರನು ಹೇಗೆ ಬಾಳಬೇಕು ಎಂಬ ಪ್ರಶ್ನೆಗೆ ಆ ಕಾಲದವರು ಎರಡು ಊರುಗಳ ಉತ್ತರ ಕೊಟ್ಟು, ಯಾರೂ ಅಳಿಸಬಾರದೆಂದು ಕಲ್ಲಿನಲ್ಲಿ ಕೊರೆಸಿದರು. ಚೆಂಡು ಕತ್ತಿಯಲ್ಲ, ಮೈದಾನ ರಣರಂಗವಲ್ಲ, ಒಪ್ಪುತ್ತೇನೆ. ಮೈಯನ್ನು ಸವೆಸಿದವನಿಗೆ ಊರು ಋಣಿ ಎಂಬ ಭಾವನೆ ಮಾತ್ರ ಎರಡಕ್ಕೂ ಒಂದೇ. ವಿಜ ಅರಸನು ಎಷ್ಟು ಯುದ್ಧ ಮಾಡಿದನೆಂದು ಶಾಸನ ಎಣಿಸಲು ಹೋಗಿಲ್ಲ.

ಜಾನ್ಸನ್ ಅವರು ಆಟ ಬಿಟ್ಟ ಮೇಲೆ ತರಬೇತಿಯ ಕೆಲಸದಲ್ಲಿದ್ದರು. ಬರುವವರ ತೋಳಿಗೆ ತಾವು ಬಲ್ಲದ್ದನ್ನು ಕಲಿಸಿದರು. ಮುಂದಿನ ಕ್ರೀಡಾದಿನಕ್ಕೆ ಕಾಲೇಜಿನ ಪ್ರಕಟಣೆಯ ಹಲಗೆಯ ಮೇಲೆ ಜಿಲ್ಲೆಯ ಆಟಗಾರರ ಹೆಸರುಗಳನ್ನು ಬರೆಯಿಸಬೇಕೆಂದು ಪ್ರಾಂಶುಪಾಲರನ್ನು ಕೇಳಿಕೊಂಡಿದ್ದೇನೆ. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂದು ನಾಲ್ಕೂ ಕಡೆಯಿಂದ ಬರುವ ಹುಡುಗರು ಬಸ್ಸಿಳಿದು ಬರುವ ದಾರಿಯಲ್ಲಿಯೇ ಆ ಹಲಗೆಯಿದೆ. ಅರಸೀಕೆರೆಯ ಸಾಲನ್ನು ನಾನೇ ಬರೆದುಕೊಟ್ಟಿದ್ದೇನೆ: ಡೇವಿಡ್ ಜಾನ್ಸನ್, ವೇಗದ ಬೌಲರ್, ಪ್ರಥಮ ದರ್ಜೆಯ ಪಂದ್ಯ 39, ವಿಕೆಟ್ಟು 125, ಶತಕ 1, ಟೆಸ್ಟ್ 2.