ನ್ಯಾಯಶಾಸ್ತ್ರದ ವಿದ್ಯಾರ್ಥಿಗೆ ತೆರೆದ ಗ್ರಂಥಭಂಡಾರ

ನಮ್ಮ ಶಾಲೆಯಲ್ಲಿ ಓದಿದ ಮಕ್ಕಳಲ್ಲಿ ಕೆಲವರು ಕಾನೂನು ವ್ಯಾಸಂಗವನ್ನು ಕೈಗೊಳ್ಳುತ್ತಿರುವುದು ಸಂತೋಷದ ಸಂಗತಿ. ಅವರಿಗೆ ನೆರವಾಗಲೆಂದು ಗ್ರಂಥದಾನ ಮಾಡಬಯಸುವ ಮಹನೀಯರೂ ನಮ್ಮಲ್ಲಿದ್ದಾರೆ. ಆ ನೆರವು ಯಾವ ರೂಪದಲ್ಲಿರಬೇಕೆಂಬ ಬಗ್ಗೆ ನನ್ನ ಅಭಿಪ್ರಾಯವನ್ನು ವಾಚಕರ ಮುಂದೆ ವಿನಯಪೂರ್ವಕವಾಗಿ ಇಡಬಯಸುತ್ತೇನೆ.

ನಾನು ಕಾನೂನು ಓದುತ್ತಿದ್ದ ಕಾಲದಲ್ಲಿ ಒಂದು ತೀರ್ಪನ್ನು ನೋಡಬೇಕಾದರೆ ಹಿರಿಯ ವಕೀಲರ ಕಚೇರಿಯ ಬಾಗಿಲಲ್ಲಿ ಕಾದಿರಬೇಕಾಗಿತ್ತು. ಅವರಿಗೆ ಬಿಡುವಿದ್ದರೆ ‘ಆಲ್ ಇಂಡಿಯಾ ರಿಪೋರ್ಟರ್’ನ ಸಂಪುಟ ಕೈಗೆ ಬರುತ್ತಿತ್ತು, ಇಲ್ಲವಾದರೆ ಮರುದಿನ ಮತ್ತೆ ಬಸ್ಸು ಹತ್ತಬೇಕು. ಮಳೆಗಾಲದಲ್ಲಿ ಕಳಸದ ಕಡೆಯ ಹುಡುಗನಿಗೆ ಅದೂ ದುಸ್ತರವಾಗಿತ್ತು.

ಇಂದು ಆ ಬಾಗಿಲು ತೆರೆದಿದೆ. 2008ರಲ್ಲಿ ಸುಶಾಂತ್ ಸಿನ್ಹಾ ಎಂಬ ಗಣಕವಿಜ್ಞಾನಿ ಆರಂಭಿಸಿದ ‘ಇಂಡಿಯನ್ ಕಾನೂನ್’ ತಾಣದಲ್ಲಿ ತೀರ್ಪುಗಳನ್ನು ಹುಡುಕಿ ಓದಬಹುದು. 2023ರ ಜನವರಿ 2ರಂದು ಸರ್ವೋಚ್ಚ ನ್ಯಾಯಾಲಯವೇ ‘ಇ-ಎಸ್‌ಸಿಆರ್’ ಮೂಲಕ 1950ರಿಂದೀಚಿನ ತನ್ನ ವರದಿತ ತೀರ್ಪುಗಳನ್ನು ಸರ್ವರಿಗೂ ಉಚಿತವಾಗಿ ಒದಗಿಸಿತು. ಅಧಿನಿಯಮಗಳಿಗೆ ಸರ್ಕಾರದ ‘ಇಂಡಿಯಾ ಕೋಡ್’ ಇದೆ.

ನಮ್ಮ ಜಿಲ್ಲೆಯದೇ ಒಂದು ನಿದರ್ಶನವನ್ನು ಕೊಡುತ್ತೇನೆ. ಕುದುರೆಮುಖದ ಗಣಿಗಾರಿಕೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ಉಳಿದ ಶೋಲಾ ಕಾಡೂ ನಮ್ಮದೇ, ಜೀವನೋಪಾಯ ಕಳೆದುಕೊಂಡವರೂ ನಮ್ಮವರೇ. ಆ ತೀರ್ಪಿನ ವಿಷಯ ಕೇಳಿದವರು ಬಹುಮಂದಿ, ಓದಿದವರು ವಿರಳ. ಈಗ ಮೂಡಿಗೆರೆಯ ವಿದ್ಯಾರ್ಥಿ ಅದನ್ನು ಕಾಸಿಲ್ಲದೆ ಓದಬಲ್ಲ.

ಹಾಗಾದರೆ ಹಣ ಕೊಟ್ಟು ಪಡೆಯುವ ‘ಎಸ್‌ಸಿಸಿ ಆನ್‌ಲೈನ್’, ‘ಮನುಪಾತ್ರ’ಗಳು ಏಕೆ ಬೇಕು? ತೀರ್ಪಿನ ಮೂಲಪಾಠ ಸಾರ್ವಜನಿಕರದು. ಪ್ರಕಾಶಕರು ಸ್ವಂತ ಕೌಶಲದಿಂದ ಸೇರಿಸಿದ ಸಂಪಾದಕೀಯ ಅಂಶಗಳಿಗೆ ಮಾತ್ರ ಅವರ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯ 2007ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಚಂದಾಹಣದಿಂದ ದೊರೆಯುವುದು ಮುಖ್ಯವಾಗಿ ಸಾರಾಂಶ, ವಿಷಯಸೂಚಿ ಮೊದಲಾದ ಅನುಕೂಲಗಳು. ವೃತ್ತಿಯಲ್ಲಿರುವವರಿಗೆ ಅವು ಉಪಯುಕ್ತವೇ. ಆದರೆ ಕಲಿಯುವವನು ಸಾರಾಂಶವನ್ನು ತಾನೇ ಬರೆಯಲು ಕಲಿಯಬೇಕು.

ಎಲ್ಲವೂ ಕೈಯಲ್ಲಿರುವ ಫೋನಿನಲ್ಲೇ ಇದೆ, ಬೇರೇನೂ ಬೇಡವೆನ್ನುವವರ ಮಾತನ್ನೂ ನಾನು ಒಪ್ಪಲಾರೆ. 2024ರ ಜುಲೈ 1ರಿಂದ 1860ರ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಕೊಲೆಗೆ ಶಿಕ್ಷೆ ವಿಧಿಸುತ್ತಿದ್ದ 302ನೆಯ ಕಲಮು ಈಗ 103 ಆಗಿದೆ. ಹಳೆಯ ತೀರ್ಪನ್ನು ಹೊಸ ಕಲಮಿಗೆ ಹೊಂದಿಸಿ ಓದುವ ವಿವೇಕವನ್ನು ಯಂತ್ರ ಕಲಿಸದು. 2025ರ ಮಾರ್ಚ್‌ನಲ್ಲಿ ನಮ್ಮ ಉಚ್ಚ ನ್ಯಾಯಾಲಯವು, ಬೆಂಗಳೂರಿನ ಕೆಳ ನ್ಯಾಯಾಲಯವೊಂದರ ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿದ್ದುದನ್ನು ಕಂಡು ಕಳವಳಪಟ್ಟಿತು. ನ್ಯಾಯಪೀಠಕ್ಕೇ ಇಂಥ ಪ್ರಮಾದ ಸಂಭವಿಸುವುದಾದರೆ ಎಳೆಯ ವಿದ್ಯಾರ್ಥಿಯ ಪಾಡೇನು? ಮೂಲವನ್ನು ತೆರೆದು ನೋಡದೆ ಯಾವ ತೀರ್ಪನ್ನೂ ಉಲ್ಲೇಖಿಸಬಾರದೆಂಬ ಶಿಸ್ತು ಶಾಲೆಯಲ್ಲಿಯೇ ಮೊಳೆಯಬೇಕು.

ಇನ್ನೊಂದು ತೊಡಕು ಭಾಷೆಯದು. ಸರ್ವೋಚ್ಚ ನ್ಯಾಯಾಲಯದ ಕೆಲವು ತೀರ್ಪುಗಳು ಕನ್ನಡದಲ್ಲಿ ಬರತೊಡಗಿವೆಯಾದರೂ ಬಹುಪಾಲು ಇಂಗ್ಲಿಷಿನಲ್ಲಿಯೇ ಇವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನಿಗೆ ತೆರೆದ ಬಾಗಿಲೂ ಅರ್ಧ ಮುಚ್ಚಿದಂತೆಯೇ.

ಆದುದರಿಂದ ದಾನಿಗಳಲ್ಲಿ ನನ್ನ ಬಿನ್ನಹವಿಷ್ಟೆ. ವರ್ಷ ಕಳೆದೊಡನೆ ಮುಗಿದುಹೋಗುವ ಚಂದಾಕ್ಕಾಗಲಿ, ಗಾಜಿನ ಬೀರುವಿನಲ್ಲಿ ಧೂಳು ಹಿಡಿಯುವ ಸಂಪುಟಗಳಿಗಾಗಲಿ ಹಣ ತೊಡಗಿಸುವುದು ಬೇಡ. ಎರಡು ಗಣಕಯಂತ್ರ, ಮಳೆಗಾಲದಲ್ಲೂ ಕಡಿಯದ ಸಂಪರ್ಕ, ಒಂದು ಒಳ್ಳೆಯ ಕಾನೂನು ನಿಘಂಟು ಇರುವ ವಾಚನಾಲಯವನ್ನು ಹಳೆಯ ವಿದ್ಯಾರ್ಥಿಗಳಿಗಾಗಿ ತೆರೆಯೋಣ. ವಕೀಲಿಯಲ್ಲಿರುವ ನಾವು ವಾರಕ್ಕೊಂದು ಸಂಜೆ ಅಲ್ಲಿ ಕುಳಿತು ತೀರ್ಪನ್ನು ಓದುವ ಬಗೆಯನ್ನು ಕನ್ನಡದಲ್ಲಿ ಹೇಳಿಕೊಡೋಣ. ದಾಸೋಹದ ಮನೆಯಲ್ಲಿ ಬೆಳೆದ ನಮಗೆ ಬಡಿಸುವ ಕೈಯಿಲ್ಲದ ಊಟ ಪೂರ್ಣವಲ್ಲವೆಂಬುದು ತಿಳಿಯದ ವಿಷಯವೇನಲ್ಲ. ಮೊದಲ ಸಂಜೆಯ ಹೊಣೆಯನ್ನು ನಾನೇ ವಹಿಸಿಕೊಳ್ಳಲು ಸಿದ್ಧನಿದ್ದೇನೆ.