ಕುರ್ಚಿ ಆಕೆಯದು, ಅಧಿಕಾರ ಯಾರದು?

ಸಂವಿಧಾನದ 74ನೇ ತಿದ್ದುಪಡಿಯು 1993ರಿಂದ ನಗರಾಡಳಿತದಲ್ಲಿ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದರಷ್ಟು ಸ್ಥಾನಗಳನ್ನು ಮೀಸಲಿರಿಸಿದೆ. ಆದರೆ ಸ್ವಂತ ಇಚ್ಛೆಯಂತೆ ಮತ ಚಲಾಯಿಸುವ ಸ್ವಾತಂತ್ರ್ಯ? 2020ರ ನವೆಂಬರಿನಲ್ಲಿ ರಬಕವಿ-ಬನಹಟ್ಟಿ ತಾಲೂಕಿನ ಮಹಾಲಿಂಗಪುರ ಪುರಸಭೆಯ ಅಧ್ಯಕ್ಷ ಸ್ಥಾನದ ಚುನಾವಣೆಗೆ ಬಂದ ಸದಸ್ಯೆಯನ್ನು ತಡೆದು ಎಳೆದಾಡಿದ ದೃಶ್ಯವನ್ನು ನಾಡೇ ಕಂಡಿತು. ತಡೆದವರು ವಿರೋಧಿಗಳಲ್ಲ, ಆಕೆಯದೇ ಪಕ್ಷದವರು! ಪಕ್ಷನಿಷ್ಠೆಯ ಹೆಸರಿನಲ್ಲಿ ಮತದಾನದ ಹಕ್ಕಿಗೇ ಕೈಹಾಕುವುದು ಎಂಥ ಪ್ರಜಾಪ್ರಭುತ್ವ?

ಇತರರನ್ನು ದೂರುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಜಮಖಂಡಿಯಲ್ಲಾಗಲಿ, ಮುಧೋಳ, ಬೀಳಗಿಗಳಲ್ಲಾಗಲಿ ನಮ್ಮ ಸಮುದಾಯದ ಸಹೋದರಿ ಗೆದ್ದಾಗ ಹಾರ ಬೀಳುವುದು ಯಾರ ಕೊರಳಿಗೆ? ಪ್ರಾತಿನಿಧ್ಯಕ್ಕಾಗಿ ಪಕ್ಷಗಳ ಬಾಗಿಲು ತಟ್ಟುವ ನಾವು ಆಕೆಯ ಅಭಿಪ್ರಾಯವನ್ನು ಎಂದಾದರೂ ಕೇಳಿದ್ದೇವೆಯೇ? ಮುಂದಿನ ಸಾಮಾನ್ಯ ಸಭೆಗೆ ಆಕೆಯೇ ಹೋಗಲಿ. ಪತಿರಾಯರು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲಿ.